ಗಿಫ್ಟಿಲ್ಲದ ಕ್ರಿಸ್ಮಸ್ಸೇ ಸೈ

ಕ್ರಿಸ್ಮಸ್ ಅಂದರೆ ಗಿಫ್ಟ್ ಅಲ್ಲ ಎಂದು ಮಕ್ಕಳಿಗೆ ಕಲಿಸಲು ಹೊರಟವರ ಬಾಳಿನಲ್ಲಿ ಇಂಥವು ನಡೆಯದಿದ್ದರೇ ಆಶ್ಚರ್ಯ. ತೆಲುಗು ನಾಡಿನ ಲಿಂಗಂಪಲ್ಲಿ ಸ್ಟೇಷನ್ ಹಿಂದಿನ ನಮ್ಮ ಕನ್ನಡ ಪ್ರಾರ್ಥನಾ ಮಂದಿರದಲ್ಲಿ ನಾನು ಸಂಡೇ ಸ್ಕೂಲ್ ಟೀಚರು. ನನ್ನ ಕ್ಲಾಸಿನಲ್ಲಿ ಹೆಚ್ಚಿನವರು ರಾಯಚೂರು ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರ ಮಕ್ಕಳು. ಒಂದಿಬ್ಬರು ಕಂಪ್ಯೂಟರ್ ಕಂಪನಿಯವರ ಮಕ್ಕಳು. ಎದುರಿಗೆ ಎಲ್ಲರೂ ‘ಅಕ್ಕೋರ’ ಎನ್ನುತ್ತಾರೆ. ಬೆನ್ನ ಹಿಂದೆ ಏನೆನ್ನುತ್ತಾರೋ, ನಾನು ಕೇಳಲು ಹೋಗಿಲ್ಲ.

೧. ಖಾಲಿ ಬೆಂಚು

ಊರಿಗೆಲ್ಲ ಸಾಫ್ಟ್‌ವೇರ್ ಹುಚ್ಚು ಹತ್ತಿದ್ದ ಕಾಲ. ಡಿಸೆಂಬರ್ ಬಂತೆಂದರೆ ಗಚ್ಚಿಬೌಲಿಯ ಯಾವುದಾದರೂ ಕಂಪನಿಯವರು ಕ್ರಿಸ್ಮಸ್ ತಾತನನ್ನು ಕರೆತಂದು, ಗಿಫ್ಟ್ ಹಂಚಿ, ಫೋಟೊ ಹೊಡೆಸಿಕೊಂಡು ಹೋಗುತ್ತಿದ್ದರು. ಒಂದು ವರ್ಷ ಹಬ್ಬ ಮುಗಿದ ಮೇಲೆ “ಮೊನ್ನೆ ಯಾರ ಹುಟ್ಟಿದ ದಿನ?” ಎಂದು ಕೇಳಿದೆ. ಅರ್ಧ ಕ್ಲಾಸು “ತಾತಂದು!” ಎಂದಿತು. ನನಗೆ ಪಿತ್ತ ನೆತ್ತಿಗೇರಿತು. ಮರುವರ್ಷ ಸಾರಿಬಿಟ್ಟೆ: ಈ ಸಲ ಗಿಫ್ಟ್ ಇಲ್ಲ, ತಾತನೂ ಇಲ್ಲ.

ಸಭೆಯ ಹಿರಿಯರೊಬ್ಬರು ಓಡಿಬಂದರು. “ಅಕ್ಕೋರ, ಗಿಫ್ಟ್ ಇಲ್ಲಂದ್ರ ಮಕ್ಕಳು ಬರಂಗಿಲ್ಲ. ಮಕ್ಕಳು ಬರಲಿಲ್ಲಂದ್ರ ನಿಮ್ಮ ಕ್ಲಾಸ್ ಬಂದ್ ಮಾಡ್ತೀನಿ ನೋಡ್ರಿ. ಖಾಲಿ ಬೆಂಚಿಗೆ ಪಾಠ ಹೇಳ್ತೀರೇನು?”

“ಹೇಳ್ತೀನ್ರಿ. ಬೆಂಚು ಗಿಫ್ಟ್ ಕೇಳಂಗಿಲ್ಲ.”

೨. ಪ್ರಿಯವಾದದ್ದು

“ದೇವರು ತನ್ನ ಪ್ರಿಯ ಮಗನನ್ನೇ ನಮಗೆ ಕೊಟ್ಟ. ನೀವೂ ನಿಮಗೆ ಪ್ರಿಯವಾದ ಒಂದನ್ನು ಯಾರಿಗಾದರೂ ಕೊಟ್ಟು ಬರ್ರಿ” ಎಂದು ಮಕ್ಕಳನ್ನು ಕಳಿಸಿದೆ. ಮುಂದಿನ ಭಾನುವಾರ ಒಬ್ಬಳು, ತನ್ನ ಬಳೆಗಳನ್ನು ಪಕ್ಕದ ಶೆಡ್ಡಿನ ಹುಡುಗಿಗೆ ಕೊಟ್ಟೆ ಎಂದಳು. ನನ್ನ ಕಣ್ಣು ತುಂಬಿತು.

ಕಂಪ್ಯೂಟರ್ ಕಂಪನಿಯವರ ಹುಡುಗ ಎದ್ದು ನಿಂತ. “ನಾನು ಟಿವಿ ರಿಮೋಟ್ ಬಾಜು ಫ್ಲ್ಯಾಟಿನವರಿಗೆ ಕೊಟ್ಟೀನ್ರಿ. ಎರಡು ದಿನ ಆತು, ನಮ್ಮ ಅಜ್ಜಿ ಊಟ ಮಾಡವಲ್ಲಳು.”

“ಅದು ನಿನಗ ಪ್ರಿಯ ಇತ್ತೇನೋ, ಅಜ್ಜಿಗೋ?”

“ನನಗೇ ರೀ. ಒಮ್ಮೆನೂ ಕೈಗೆ ಸಿಕ್ಕಿಲ್ಲ, ಅದಕ್ಕ ಭಾಳ ಪ್ರಿಯ!”

ಸಂಜೆ ಆ ಅಜ್ಜಿಯೇ ಬಂದು, ಸುವಾರ್ತೆಯೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನನಗೆ ಸಾರಿ ಹೋದರು.

೩. ಬಡಿಗನ ಮಗ

ಯೇಸುಸ್ವಾಮಿ ಹುಟ್ಟಿದ ನಾಟಕಕ್ಕೆ ಪಾತ್ರ ಹಂಚಿದೆ. ಕಿರೀಟ ಇರುತ್ತದೆಂದು ಎಲ್ಲರಿಗೂ, ಕೂಸು ಯೇಸುವಿಗೆ ಕಾಣಿಕೆ ತರುವ ಮೂಡಣ ದೇಶದ ಜೋಯಿಸರೇ ಆಗಬೇಕು. ಮರಿಯಳ ಗಂಡ ಯೋಸೇಫನಾಗಲು ಕೈ ಎತ್ತಿದವನು, ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಬಡಿಗನ ಮಗ ಒಬ್ಬನೇ.

“ಯೋಸೇಫ ನಮ್ಮಪ್ಪನಂಗ ಬಡಿಗ ಅಲ್ಲೇನ್ರಿ? ಮತ್ತ ಛತ್ರದಾಗ ಜಾಗ ಇಲ್ಲಂದ್ರ ತಾನಾ ಒಂದು ಶೆಡ್ ಯಾಕ ಹೊಡೀಲಿಲ್ಲ?”

ಪಾಸ್ಟರನ್ನು ಕೇಳಿದೆ. ಅವರು ಈಗಲೂ ಯೋಚಿಸುತ್ತಿದ್ದಾರೆ.

೪. ಗೇಟಿನ ಮುಂದೆ

ಗಚ್ಚಿಬೌಲಿಯ ದೊಡ್ಡ ಅಪಾರ್ಟ್‌ಮೆಂಟೊಂದರ ಸೆಕ್ರೆಟರಿ, ನಾಟಕವನ್ನು ನಮ್ಮಲ್ಲೇ ಆಡಿಸಿ ಎಂದು ಕರೆದರು. ಸಂಜೆ ಐದಕ್ಕೆ ವೇಷ ಹಾಕಿಸಿ ಕರೆದೊಯ್ದೆ. ಹಿರಿಯರೂ ಪರೀಕ್ಷೆ ಮಾಡುವವರಂತೆ ಹಿಂದೆಯೇ ಬಂದರು. ಸೆಕ್ರೆಟರಿ ಅಮೆರಿಕದ ಕಾಲ್‌ನಲ್ಲಿದ್ದರು, ಫೋನ್ ಎತ್ತಲಿಲ್ಲ. ವಾಚ್‌ಮನ್ ಕೈ ಅಡ್ಡ ಹಿಡಿದ. “ಕೌನ್ಸಾ ಫ್ಲ್ಯಾಟ್? ಇದರ್ ಜಗಾ ನಹೀ, ಆಗೇ ಜಾವೋ.” ಇಲ್ಲಿ ಜಾಗವಿಲ್ಲ, ಮುಂದೆ ಹೋಗಿ ಎಂದು.

ಮರಿಯಳ ವೇಷದ ಏಳು ವರ್ಷದ ಹುಡುಗಿ ನನ್ನ ಸೆರಗು ಜಗ್ಗಿದಳು. “ಅಕ್ಕೋರ, ಇವರಿಗೆ ಛತ್ರದವನ ಡೈಲಾಗ್ ಯಾವಾಗ ಕಲಿಸಿದ್ರಿ?”

ಯೋಸೇಫ ಮೇಲೆ ನೋಡಿದ. “ಈ ಸ್ಲ್ಯಾಬ್ ಹಾಕುವಾಗ ಸೆಂಟ್ರಿಂಗ್ ನಮ್ಮಪ್ಪಂದು.” ಆದರೂ ಗೇಟು ತೆರೆಯಲಿಲ್ಲ.

ನನಗೂ ಹಟ ಬಂತು. ಯೇಸುಸ್ವಾಮಿಗೇ ಒಳಗೆ ಜಾಗ ಸಿಗಲಿಲ್ಲ, ನಮ್ಮದೇನು! ಗೇಟಿನ ಮುಂದೆಯೇ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆ, ಮಾಡಿ ನಾಟಕ ಶುರು ಮಾಡಿದೆವು. ನೋಡಲು ಬಂದ ವಾಚ್‌ಮನ್‌ನ ಹೆಂಡತಿಯ ಕಂಕುಳಲ್ಲಿದ್ದ ಕೂಸನ್ನು ಮರಿಯಳು ಇಸಿದುಕೊಂಡು ತೊಡೆಯ ಮೇಲೆ ಮಲಗಿಸಿಕೊಂಡಳು. ಹಿಂದೆ ಕ್ಯಾಬುಗಳು ಸಾಲುಗಟ್ಟಿ ಹಾರ್ನ್ ಹೊಡೆದವು. ನಾನು ಜಗ್ಗಲಿಲ್ಲ.

ಅಷ್ಟರಲ್ಲಿ ಆಟೊದಿಂದ ಇಳಿದ ಕ್ರಿಸ್ಮಸ್ ತಾತ! ಅಪಾರ್ಟ್‌ಮೆಂಟಿನವರು ಕರೆಸಿದ್ದ ಬಾಡಿಗೆ ತಾತ. ಹತ್ತಿಗಡ್ಡದ ಒಳಗಿದ್ದವನು ನಮ್ಮ ರಾಯಚೂರಿನವನೇ. ಹೆಗಲ ಮೇಲೆ ಗಿಫ್ಟಿನ ಇಷ್ಟುದ್ದ ಚೀಲ. ಮಕ್ಕಳ ಕಣ್ಣೆಲ್ಲ ಚೀಲದ ಮೇಲೆ. ಹಿರಿಯರು ನನ್ನ ಕಿವಿಯಲ್ಲಿ, “ಮುಗೀತು ನೋಡ್ರಿ ನಿಮ್ಮ ಕ್ಲಾಸು” ಎಂದರು. ಸುಳ್ಳೇಕೆ ಹೇಳಲಿ, ನನಗೂ ಹಾಗೆಯೇ ಅನಿಸಿತು.

ಯೋಸೇಫ ನೆಟ್ಟಗೆ ತಾತನ ಬಳಿ ಹೋದ. “ಗಿಫ್ಟ್ ತಂದೀರೇನ್ರಿ?”

“ತಂದೀನಪ್ಪ. ಲೈನ್ ಹಚ್ಚರಿ.”

“ನಾವಲ್ರಿ, ನೀವು ಲೈನಿಗೆ ನಿಂದರ್ರಿ. ಜೋಯಿಸರ ಹಿಂದ. ಹುಟ್ಟಿದ ದಿನ ಕೂಸಿಂದು, ನಮ್ಮದಲ್ಲ.”

ತಾತ ಸುತ್ತ ನೋಡಿದ, ಗಡ್ಡ ತುರಿಸಿಕೊಂಡ, ಸಾಲಿನಲ್ಲಿ ನಿಂತ. ಜೋಯಿಸರ ಚಿನ್ನ, ಧೂಪ, ರಕ್ತಬೋಳದ ಕಾಣಿಕೆ ಮುಗಿದ ಮೇಲೆ ಮಂಡಿಯೂರಿ ಚೀಲವನ್ನು ಕೂಸಿನ ಮುಂದಿಟ್ಟ. ಒಂದು ಮಗುವೂ ಕೈ ಹಾಕಲಿಲ್ಲ. ನಾನು ಹಿರಿಯರ ಕಡೆ ತಿರುಗಿ, “ಮುಗೀತೇನ್ರಿ?” ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು, ಕನ್ನಡಕವನ್ನಲ್ಲ, ಕಣ್ಣನ್ನು.

ತಾತನಿಗೆ ಆಗ ಎಚ್ಚರವಾಯಿತು. “ಯವ್ವಾ, ಇವು ಒಳಗಿನ ಫ್ಲ್ಯಾಟಿನ ಹುಡುಗರಿಗೆ ಕೊಡೋವು! ಈಗೇನು ಮಾಡ್ಲಿ?”

ಮರಿಯಳು ಕೂಸನ್ನು ತಟ್ಟುತ್ತಲೇ ಅಂದಳು: “ಅವರಿಗೂ ಹೊರಗ ಬರಾಕ ಹೇಳ್ರಿ. ಇಲ್ಲಿ ಜಾಗ ಭಾಳ ಐತಿ, ಪರ್ಮಿಷನ್ ಏನ್ ಬ್ಯಾಡ.”