ಕಾಣದ ಬೆಳಕಿನ ಕೇಬಲ್ಲು

ರಸ್ತೆ ಬದಿಗೆ ನೆಲ ಅಗೆಯುವವನ ಸುತ್ತ ಜನ ಸೇರದೆ ಇರುವುದಿಲ್ಲ. ತೊಂಬತ್ತರ ದಶಕದಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಟೆಲಿಫೋನಿನ ಫೈಬರ್ ಕೇಬಲ್ ಹೂಳಿಸಿ, ಅದರ ಎಳೆ ಜೋಡಿಸುವುದು ನನ್ನ ಕೆಲಸ. ಹಾಗಾಗಿ ಇಂಥ ಪ್ರಸಂಗಗಳು ನನಗೆ ಆಗುತ್ತಲೇ ಇದ್ದವು.

೧. ಒಂದು ಎಳಿ ಕೊಡ್ರಿ

ಕರೋಶಿ ಹತ್ತಿರ ಕಬ್ಬಿನ ಹೊಲದ ಯಜಮಾನರೊಬ್ಬರು ಬದುವಿನ ಮೇಲೆ ಕೂತು ನಮ್ಮ ಕೆಲಸ ನೋಡುತ್ತಿದ್ದರು.

“ಇದರಾಗ ಏನ್ ಹರೀತೈತ್ರಿ?”

“ಬೆಳಕ್ರಿ. ಒಳಗ ಕೂದಲಿನಂಥಾ ಗಾಜಿನ ಎಳಿ ಐತಿ. ಲೇಸರ್ ಬೆಳಕಿನ ಮ್ಯಾಲೆ ಮಾತು ಹೋಗ್ತಾವು.”

“ಹಂಗಾರ ನಮ್ಮನಿಗೂ ಒಂದು ಎಳಿ ಕೊಡ್ರಿ. ದಿನಾ ಸಂಜೀಕ ಕರೆಂಟ್ ಹೋಗ್ತೈತಿ.”

“ಈ ಬೆಳಕು ಕಣ್ಣಿಗೆ ಕಾಣೂದಿಲ್ರಿ.”

ಅವರು ಧೋತರ ಕೊಡವಿಕೊಂಡು ಎದ್ದರು. “ಹಂಗಾರ ಬ್ಯಾಡ ಬಿಡ್ರಿ. ಅಂಥಾ ದೀಪದ ಕಂಬ ನಮ್ಮ ಓಣ್ಯಾಗ ನಾಕು ಅದಾವ.”

೨. ತಾಂಬ್ರ

ರಾಯಬಾಗದ ಹತ್ತಿರ ಒಂದು ಬೆಳಿಗ್ಗೆ ಫೋನೆಲ್ಲ ಸತ್ತವು. ಹೋಗಿ ನೋಡಿದರೆ ಹತ್ತು ಮಾರು ಕೇಬಲ್ಲೇ ಇಲ್ಲ. ಮಗಳ ಹೆರಿಗೆಯ ಸುದ್ದಿಗಾಗಿ ವಯಸ್ಸಾದವರೊಬ್ಬರು ಕುಡಚಿಯ ಫೋನ್ ಬೂತಿನಲ್ಲಿ ಕಾದು ಕೂತಿದ್ದಾರೆಂದು ಬೂತಿನವನು ಹೇಳಿಕಳಿಸಿದ್ದ. ಊಟ ಬಿಟ್ಟು ಹೊಸ ತುಂಡು ಹಾಕಿ ಜೋಡಿಸಿದೆ. ಮಧ್ಯಾಹ್ನ ಅವರಿಗೆ ಮೊಮ್ಮಗಳು ಹುಟ್ಟಿದ ಸುದ್ದಿ ಮುಟ್ಟಿತು. ನನಗೂ ಆಗ ಹೊಟ್ಟೆ ಹಸಿಯಿತು.

ಸಾಮಾನು ಕಟ್ಟುವಾಗ ಒಬ್ಬ ಮನುಷ್ಯ ಆ ಹತ್ತು ಮಾರು ಕೇಬಲ್ಲನ್ನು ಹೆಗಲ ಮೇಲೆ ಹೊತ್ತು ತಂದ. ಉದ್ದಕ್ಕೂ ಸೀಳಿ ನೋಡಿದ್ದ. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಮರುಕದಿಂದ ಹೇಳಿದ:

“ಸಾಹೇಬ್ರ, ನಿಮಗ ಯಾರೋ ಮೋಸ ಮಾಡ್ಯಾರ. ಒಳಗ ಗುಂಜಿಯಷ್ಟೂ ತಾಂಬ್ರ ಇಲ್ಲ. ಕಂಪ್ಲೇಂಟ್ ಕೊಡ್ರಿ, ನಾ ಸಾಕ್ಷಿ ಹೇಳ್ತೀನಿ.”

೩. ನಡುವೆ ಕೇಳುವವರು

ಅಥಣಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಗಿನ್ನೂ ಕೈಯಿಂದ ಲೈನ್ ಕೊಡುವ ಬೋರ್ಡಿತ್ತು. ಅದರ ಮುಂದೆ ಇಪ್ಪತ್ತು ವರ್ಷದಿಂದ ಕೂತಿದ್ದ ಆಪರೇಟರ್ ಅಕ್ಕಾರು ಸುತ್ತಲಿನ ಹಳ್ಳಿಗಳ ಸುಖದುಃಖವನ್ನೆಲ್ಲ ಬಲ್ಲವರು. ಫೈಬರ್ ಬಂತೆಂದರೆ ಆ ಬೋರ್ಡು ಮುಚ್ಚುವುದಿತ್ತು. ಕೊನೆಯ ದಿನಗಳಲ್ಲಿ ಅವರು ಅದರ ಧೂಳನ್ನು ಎರಡೆರಡು ಸಲ ಒರೆಸುತ್ತಿದ್ದರು.

ನಾನು ಎಳೆ ಜೋಡಿಸುವುದನ್ನು ನೋಡಲು ಕಾಲೇಜಿನ ಫಿಜಿಕ್ಸ್ ಸರ್ ಬಂದರು. ಉತ್ಸಾಹದಿಂದ ಹೇಳಿದರು: “ಈಗಲ್ಲ, ಮುಂದ ಒಂದಿನ ಬೆಳಕಿನ ಒಂದೊಂದ ಕಣದಾಗ ಮಾತಿಗೆ ಬೀಗ ಹಾಕೂ ಗುಪ್ತ ಕೀಲಿ ಕಳಸ್ತಾರ. ನಡುವ ಯಾರಾದ್ರೂ ಇಣುಕಿದ್ರ ಕಣ ಕೆಡ್ತೈತಿ. ಯಾರೋ ಕದ್ದು ಕೇಳಾಕತ್ತಾರ ಅಂತ ಎರಡೂ ಕಡೆಯವರಿಗೆ ತಿಳೀತೈತಿ.”

ಅಕ್ಕಾರು ಒರೆಸುವುದನ್ನು ನಿಲ್ಲಿಸಿದರು. “ಅದರಾಗ ಹೊಸಾದೇನೈತ್ರಿ ಸರ್? ನಾ ಕೇಳೂದು ಎರಡೂ ಕಡೆಯವರಿಗೆ ಮೊದಲಿಂದ ಗೊತ್ತೈತಿ. ನಿನ್ನೆ ಕಾಗವಾಡದವರು ಮಿರಜದ ಬೀಗರ ಜೋಡಿ ಫೋನಿನ್ಯಾಗ ಜಗಳಕ್ಕ ನಿಂತ್ರು. ಕಡೀಕ ಇಬ್ರೂ ಕೂಡಿ, ‘ಅಕ್ಕಾರ, ನೀವ ಹೇಳ್ರಿ, ತಪ್ಪು ಯಾರದು?’ ಅಂದ್ರು.”

“ನೀವೇನಂದ್ರಿ?” ಸರ್ ಕೇಳಿದರು.

“ನಾ ಕೇಳಾಕತ್ತಿಲ್ರಿ ಅಂದೆ.”