ಅಕ್ಕನ ತಕರಾರಿನ ಭಾನುವಾರಗಳು

ಅಂದು ಗುರುವಾರ. ಬೆಳಿಗ್ಗೆ ಅಕ್ಕ ಹಾಲಿನವನ ಜೊತೆ ಜಗಳವಾಡಿ, ನನಗೆ ಡಬ್ಬಿ ಕಟ್ಟಿಕೊಟ್ಟು, ಪುಣೆಯ ಮಾರ್ಕೆಟ್ ಯಾರ್ಡಿಗೆ ಹೋದಳು. ಅಲ್ಲಿನ ಒಂದು ಈರುಳ್ಳಿ ಅಡತಿ ಅಂಗಡಿಯಲ್ಲಿ ಆಕೆ ಇಪ್ಪತ್ತೆಂಟು ವರ್ಷದಿಂದ ಗುಮಾಸ್ತೆ. ನಾನು ಶಾಲೆಯಲ್ಲಿ ಏಳನೆಯ ತರಗತಿಗೆ ಲ.ಸಾ.ಅ. ಕಲಿಸುತ್ತಿದ್ದೆ. ಮೂರನೆಯ ಪಿರಿಯಡ್ಡಿನಲ್ಲಿ ಅಂಗಡಿಯ ಮಾಲೀಕರ ಫೋನ್ ಬಂತು. "ಬಾಯಾರ, ಅಕ್ಕೋರು ಕುರ್ಚಿಮ್ಯಾಲೆ ಕುಂತಲ್ಲೇ…" ಎಂದರು. ಬೋರ್ಡಿನ ಮೇಲಿನ ಲೆಕ್ಕ ಅರ್ಧಕ್ಕೇ ಉಳಿಯಿತು.

ಅಕ್ಕ ಹೋಗಿ ಹತ್ತು ತಿಂಗಳು.

ಮನೆಯಲ್ಲಿದ್ದವರು ನಾವಿಬ್ಬರೇ. ತಿಂಗಳಿಗೆರಡು ಭಾನುವಾರ ಸ್ವಾರಗೇಟ್ ನಿಲ್ದಾಣದಲ್ಲಿ ಕೆಂಪು ಬಸ್ಸು ಹತ್ತಿ, ಘಟ್ಟ ಇಳಿದು, ಆಚೆಗಿನ ಹೊಳೆಯ ಊರುಗಳಿಗೆ ಹೋಗುವುದು ಹತ್ತು ವರ್ಷದ ರೂಢಿ. ಗುಡ್ಡದ ಮೇಲೊಂದು ಕೋಟೆ, ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು, ಹಳೆಯ ಸರದಾರರ ಒಂದು ದೊಡ್ಡ ಮನೆ, ವಾಡೆ. ವಾಡೆ ಈಗ ವಸ್ತುಸಂಗ್ರಹಾಲಯವಾಗಿದೆ. ನಾನು ನೋಡುವವಳು, ಅಕ್ಕ ತಕರಾರು ಮಾಡುವವಳು. ಈರುಳ್ಳಿ ಲಾರಿಗಳ ಗದ್ದಲದಲ್ಲಿ ತಯಾರಾದ ದನಿ ಆಕೆಯದು. ಮರಾಠಿ ಚೆನ್ನಾಗಿ ಆಡುತ್ತಿದ್ದಳು. ಸಿಟ್ಟು ತುದಿಗೆ ಬಂತೆಂದರೆ ಮಾತ್ರ ಮರಾಠಿ ಆಕೆಗೆ ಕೈಕೊಡುತ್ತಿತ್ತು. ಆಮೇಲೆ ಬರುವುದೆಲ್ಲ ನಮ್ಮ ವಿಜಯಪುರದ ಕನ್ನಡ. ಅಲ್ಲಿನವರ ಮರಾಠಿ ಮಾತನ್ನೂ ನಾನಿಲ್ಲಿ ಅದೇ ಕನ್ನಡದಲ್ಲಿ ಕೊಟ್ಟಿದ್ದೇನೆ.

ಆ ಗುರುವಾರಕ್ಕೆ ಮೊದಲಿನ ಭಾನುವಾರ ಆಕೆ ವಾಡೆಯ ಅಭಿಪ್ರಾಯದ ಪುಸ್ತಕದಲ್ಲಿ ಒಂದು ಪುಟ ತುಂಬ ಬರೆದಳು. ನಾನು ಬಸ್ಸಿನ ಹೊತ್ತು ನೋಡುತ್ತ ಬಾಗಿಲಲ್ಲಿ ನಿಂತಿದ್ದೆ.

"ಏನ್ ಬರದಿಯೇ ಅಷ್ಟು?"

"ನಿನ್ನ ಮ್ಯಾಲೂ ಒಂದು ಬರದೀನಿ. ಮುಂದಿನ ಸಲ ಬಂದಾಗ ಓದೀಯಂತ ನಡಿ."

ಅಕ್ಕ ಕೊನೆಯದಾಗಿ ಬರೆದದ್ದು ಅದೇ, ನಾನು ಅದನ್ನು ಓದಿರಲಿಲ್ಲ. ಓದಬೇಕು ಎಂಬುದೊಂದೇ ತಲೆಯಲ್ಲಿತ್ತು, ಆದರೆ ಒಬ್ಬಳೇ ಆ ಬಸ್ಸು ಹತ್ತುವ ಧೈರ್ಯ ಬರಲು ಎಂಟು ತಿಂಗಳು ಹಿಡಿಯಿತು. ಹೋದಾಗ ಏನಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲಿನ ಕೆಲವು ಸಂಗತಿಗಳಿವೆ. ನೋಡುವ ಜಾಗಗಳಿಗೆ ಹೋಗುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಸಿಟ್ಟಿನವರು ಜೊತೆಗಿದ್ದರೆ ಸ್ವಲ್ಪ ಹೆಚ್ಚು ಆಗುತ್ತವೆ.

ಒಣ ಹೊಳೆಯ ದೋಣಿ

ಒಂದು ಮೇ ತಿಂಗಳು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿರಲಿಲ್ಲ. ಹೊಳೆಯಲ್ಲಿ ಉಸುಕು, ಉಸುಕಿನ ಮೇಲೆ ಆರು ದೋಣಿ. ಆದರೂ ‘ದೋಣಿ ವಿಹಾರ’ದ ಕಿಟಕಿ ತೆರೆದಿತ್ತು, ಮುಂದೆ ಜನ ಸರತಿಯಲ್ಲಿ ನಿಂತಿದ್ದರು. ದೋಣಿಯಲ್ಲಿ ಕೂತು ಹುಟ್ಟು ಹಿಡಿದು ಫೋಟೊ ತೆಗೆಸಿಕೊಂಡು ಇಳಿಯುವುದು, ಅದೇ ವಿಹಾರ.

ಅಕ್ಕ ಸುಮ್ಮನೆ ಹೋಗಬಹುದಿತ್ತು. ಹೋಗಲಿಲ್ಲ. ಸರತಿಯಲ್ಲಿ ನಿಂತು ದೋಣಿಯ ತನಕ ಬಂದಳು. ದೋಣಿಯವನು ಕಿತ್ತಳೆ ಬಣ್ಣದ ಜಾಕೆಟ್ ಕೊಟ್ಟು, "ಮಾವಶಿ, ಹಾಕ್ಕೋರಿ. ಮುಳುಗಬಾರದಂತ ಕೊಡೂದು. ಕಂಪಲ್ಸರಿ ಅದ" ಎಂದ.

"ನೀರ ಇಲ್ಲ. ಮುಳುಗೂದು ಹ್ಯಾಂಗ?"

"ನಿಯಮ ಅದರಿ. ಹೋದ ವರ್ಷ ಹಿಂಗ ಒಣಾ ಹೊಳ್ಯಾಗ ಒಬ್ಬ ಸಾಹೇಬರು ದೋಣಿಯಿಂದ ಬಿದ್ದು ಕೈ ಮುರಕೊಂಡರು."

"ಜಾಕೆಟ್ ಹಾಕಿದ್ದರಿಲ್ಲೋ?"

"ಹಾಕಿದ್ದರು. ಅದು ಕಾಲಿಗೆ ಸಿಕ್ಕೇ ಬಿದ್ದರು."

ರಾಣಿ ಹಾರಿದ ಬುರುಜು

ಕೋಟೆಯ ಗೈಡ್ ಪ್ರತಿ ಸಲವೂ ಒಂದೇ ಕಥೆಯನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದ. ಶತ್ರುಗಳು ಬಾಗಿಲು ಮುರಿದರು, ರಾಣಿ ಬುರುಜಿನ ಮೇಲಿಂದ ಹೊಳೆಗೆ ಹಾರಿದಳು. ನಾವು ದಕ್ಷಿಣದ ಬುರುಜಿನ ಮೇಲೆ ನಿಂತು ಈ ಕಥೆಯನ್ನು ಎರಡು ಸಲ ಕೇಳಿದ್ದೆವು. ಮೂರನೆಯ ಸಲ ಹೋದಾಗ ಗೈಡ್ ಎಲ್ಲರನ್ನೂ ಉತ್ತರದ ಬುರುಜಿಗೆ ಕರೆದೊಯ್ದು, "ಇಲ್ಲೇ, ಇದೇ ಕಲ್ಲಿನ ಮ್ಯಾಲೆ" ಎಂದು ಕಣ್ಣೊರೆಸಿಕೊಂಡ. ಬೇರೆಯವರೂ ಕಣ್ಣೊರೆಸಿಕೊಂಡರು.

ಉತ್ತರದ ಬುರುಜಿನ ಕೆಳಗೆ ಹೊಳೆಯೇ ಇಲ್ಲ, ಕಬ್ಬಿನ ಗದ್ದೆ ಇದೆ. ನಾನು ಅದನ್ನು ಗಮನಿಸಿದೆ, ಬಾಯಿ ಬಿಡಲಿಲ್ಲ. ಅಕ್ಕ ಬಿಟ್ಟಳು.

"ಏನ್ ಗೈಡ್ ಸಾಹೇಬರ, ಹೋದ ಸಲ ಆಕಿ ಆ ಕಡೆ ಬುರುಜಿಂದ ಹಾರಿದ್ದಳಲ್ಲ?"

ಗೈಡ್ ಅಕ್ಕನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳಿದ: "ಬಾಯಿ, ಆ ಬುರುಜಿಗೆ ಜೇನು ಕಟ್ಟ್ಯಾವ. ಭಾಳ ಕಡೀತಾವ. ಮಳಿಗಾಲ ಮುಗೀಲಿ, ಆಕೀನ್ನ ತಿರುಗಿ ಅಲ್ಲೇ ಒಯ್ಯತೀನಿ."

ಹಳ್ಳಿಯ ಅನುಭವ

ಹೊಳೆಯ ದಂಡೆಗೆ ಒಂದು ತೋಟದ ಮನೆ. ಪುಣೆಯ ಜನರಿಗೆ ಹಳ್ಳಿಯ ಬದುಕು ತೋರಿಸುತ್ತಾರೆ: ಎತ್ತಿನ ಗಾಡಿ, ಬಾವಿ, ಒಲೆಯ ಮೇಲೆ ಜೋಳದ ರೊಟ್ಟಿ ಬಡಿಯುವ ಪಾಠ. ನನ್ನ ಶಾಲೆಯ ಶಿಕ್ಷಕಿಯರ ಪ್ರವಾಸಕ್ಕೆ ಅಕ್ಕನೂ ಬಂದಿದ್ದಳು. ಗುಲಾಬಿ ಸೀರೆಯ ಒಬ್ಬ ಹುಡುಗಿ ಮೈಕಿನಲ್ಲಿ ಪಾಠ ಹೇಳಿಕೊಡುತ್ತಿದ್ದಳು. ಅಕ್ಕ ಹಿಟ್ಟಿಗೆ ಕೈ ಹಾಕಿದ್ದೇ ತಡ, "ಆಂಟಿ, ಹಾಗಲ್ಲ, ಬೆರಳು ಹೀಗೆ" ಎಂದು ಹುಡುಗಿ ತಿದ್ದಿದಳು.

ಹತ್ತನೆಯ ವಯಸ್ಸಿನಿಂದ ದಿನಾ ರೊಟ್ಟಿ ಬಡಿದ ಕೈ ಅದು. ಅಕ್ಕ ಹುಡುಗಿಯನ್ನು ಬದಿಗೆ ಸರಿಸಿ ಒಲೆಯ ಮುಂದೆ ಕೂತಳು. ಎದ್ದದ್ದು ನಲವತ್ತು ಜನರ ಊಟ ಮುಗಿದ ಮೇಲೆ. ತೋಟದ ಅಡಿಗೆಯವಳು ಅಷ್ಟು ಹೊತ್ತು ಮರದ ಕೆಳಗೆ ಮಲಗಿ ಎದ್ದು ಬಂದಳು.

ಹೊರಡುವಾಗ ಎಲ್ಲರಿಗೂ ಒಂದೊಂದು ಪ್ರಮಾಣಪತ್ರ. ನನ್ನದರಲ್ಲಿ ‘ರೊಟ್ಟಿ: ಉತ್ತಮ’ ಎಂದಿತ್ತು, ನಾನು ಹಿಟ್ಟು ಮುಟ್ಟಿರಲೇ ಇಲ್ಲ. ಅಕ್ಕನದರಲ್ಲಿ ‘ರೊಟ್ಟಿ: ಇನ್ನೂ ಅಭ್ಯಾಸ ಬೇಕು’ ಎಂದಿತ್ತು. ಆಕೆ ಅದನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿದಳು. ಮುಂದೆ ಯಾವತ್ತು ರೊಟ್ಟಿ ಹೊತ್ತಿದರೂ ಅದನ್ನು ತೋರಿಸುತ್ತಿದ್ದಳು.

ಹನ್ನೊಂದನೆಯ ಮೆಟ್ಟಿಲು

ಹೊಳೆಗೆ ಮೂವತ್ತೊಂದು ಮೆಟ್ಟಿಲು. ಹಿಡಿದುಕೊಳ್ಳಲು ಏನೂ ಇಲ್ಲ. ಮೊಣಕಾಲು ನೋವಿನ ಅಕ್ಕ ನನ್ನ ಭುಜ ಹಿಡಿದು ಹನ್ನೊಂದರವರೆಗೆ ಇಳಿದು ಅಲ್ಲೇ ಕೂರುತ್ತಿದ್ದಳು. ಅಲ್ಲಿಂದ ಮುಂದೆ ಮೆಟ್ಟಿಲು ಸವೆದು ಜಾರುತ್ತವೆ. ನಾನು ಕೆಳಗಿಳಿದು ಬಾಟಲಿಯಲ್ಲಿ ಹೊಳೆಯ ನೀರು ತಂದು ಆಕೆಯ ಕಾಲಿಗೆ ಹಾಕುತ್ತಿದ್ದೆ. "ಇದೇನ್ ಹೊಳಿ ಆತೇನು, ನಳದ ನೀರಾತು" ಎನ್ನುತ್ತಿದ್ದಳು. ಊರಿನ ಕಚೇರಿಯಲ್ಲಿ ಕೇಳಿದರೆ, ಕಂಬಿ ಹಾಕಿದರೆ ಹಳೆಯ ಘಾಟಿನ ಅಂದ ಕೆಡುತ್ತದೆ ಎಂಬ ಉತ್ತರ. ಅದೇ ಘಾಟಿನ ನೆತ್ತಿಗೆ ಹೃದಯದ ಆಕಾರದ ದೊಡ್ಡ ಪ್ಲಾಸ್ಟಿಕ್ ಕಮಾನು ನಿಲ್ಲಿಸಿದ್ದಾರೆ, ಅದರೊಳಗೆ ನಿಂತು ಫೋಟೊ ತೆಗೆಸಿಕೊಳ್ಳಲು. ಅಂದದ ಬಗ್ಗೆ ಇವರು ನಮಗೆ ಹೇಳುತ್ತಾರೆ.

ಒಂದು ಸಲ ಪುಣೆಯ ವಾಕಡದ ಕಡೆಯ ಗಂಡಹೆಂಡತಿ ಬಂದರು. ಮದುವೆಯಾಗಿ ಹೊಸದು. ಕ್ಯಾಮೆರಾ ಹಿಡಿದು ಅಕ್ಕನ ಸುತ್ತ ಎರಡು ಸುತ್ತು ಹಾಕಿ, ಹುಡುಗ ಹಿಂದಿಯಲ್ಲಿ ಕೇಳಿದ, ಆಂಟಿ ಸ್ವಲ್ಪ ಏಳುತ್ತೀರಾ ಎಂದು. ಅಕ್ಕ ಏಳಲಿಲ್ಲ. ಹುಡುಗ ಹೆಂಡತಿಗೆ ಕನ್ನಡದಲ್ಲಿ, "ಈ ಅಜ್ಜಿ ಏಳಲ್ಲ ಕಣೇ. ಫುಲ್ ಫ್ರೇಮ್ ಹಾಳು" ಎಂದ.

"ಅಜ್ಜಿ ಮೊಣಕಾಲು ಹಾಳಾಗ್ಯಾವಪ್ಪ. ಫ್ರೇಮ್ ಹಾಳಾಗದ ಏನು ಮಾಡೀತು" ಎಂದಳು ಅಕ್ಕ.

ಇಬ್ಬರೂ ಕ್ಯಾಮೆರಾ ಕೆಳಗಿಟ್ಟರು. ಹುಡುಗಿ ನಾಲಿಗೆ ಕಚ್ಚಿಕೊಂಡು ಬಂದು, "ಸಾರಿ ಆಂಟಿ. ನೀವು ಕನ್ನಡದವರಾ?" ಎಂದಳು.

"ಸಿಟ್ಟು ಬಂದಾಗ ಅಷ್ಟ."

ಗೋಡೆಯ ಮೇಲಿನ ಪುಟ

ಸೆಪ್ಟೆಂಬರಿನಲ್ಲಿ ಒಬ್ಬಳೇ ಹೋದೆ. ವಾಡೆಯ ಕಾವಲುಗಾರನಿಗೆ ಜನವರಿಯ ಅಭಿಪ್ರಾಯದ ಪುಸ್ತಕ ಬೇಕೆಂದೆ. ಅದು ತುಂಬಿ ಹೋಯಿತು, ರದ್ದಿಗೆ ಹಾಕಿದೆವು ಎಂದ. ತಿರುಗಿ ಬಾಗಿಲ ಕಡೆ ಬಂದೆ. ಬಾಗಿಲ ಪಕ್ಕದ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಅಕ್ಕನ ಕನ್ನಡ ಅಕ್ಷರ ಇತ್ತು. ಚೌಕಟ್ಟಿಗೆ ಪ್ಲಾಸ್ಟಿಕ್ ಚೆಂಡುಹೂವಿನ ಹಾರ. ಕೆಳಗೆ ಮರಾಠಿಯಲ್ಲಿ ಒಂದು ಚೀಟಿ: ‘ಕರ್ನಾಟಕದ ಪ್ರವಾಸಿಯೊಬ್ಬರ ಸುಂದರ ಅಭಿಪ್ರಾಯ.’

ಕಾವಲುಗಾರ ಹಿಂದೆಯೇ ಬಂದು ಮರಾಠಿಯಲ್ಲಿ ಹೆಮ್ಮೆಯಿಂದ ಹೇಳಿದ: "ಇದೊಂದು ಹಾಳಿ ತಗದು ಇಟ್ಟೀವ್ರಿ. ಉಳಿದವರೆಲ್ಲ ‘ಛಾನ್ ಆಹೆ’ ಅಂತ ಎರಡು ಶಬ್ದ ಬರೀತಾರ. ಈ ಬಾಯಿ ಒಂದು ಹಾಳಿ ತುಂಬ ಹೊಗಳ್ಯಾರ. ಶಬ್ದದ ಕೆಳಗ ಗೆರಿ ಎಳದಾರ ನೋಡ್ರಿ, ಎಷ್ಟು ಪ್ರೀತಿಲೆ."

ಅಕ್ಕ ಗೆರೆ ಎಳೆಯುತ್ತಿದ್ದದ್ದು ಯಾವಾಗ ಎಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಜೀಪು ಬಂತು. ತಾಲ್ಲೂಕಿನ ಸಾಹೇಬರು ನಾಲ್ಕು ಜನ ಅತಿಥಿಗಳನ್ನು ಕರೆತಂದಿದ್ದರು. ಕಾವಲುಗಾರ ಅವರನ್ನು ಮೊದಲು ಚೌಕಟ್ಟಿನ ಮುಂದೆಯೇ ನಿಲ್ಲಿಸಿದ. ಸಾಹೇಬರು, ಏನು ಬರೆದಿದೆ ಎಂದರು. ಕಾವಲುಗಾರ ನನ್ನ ಕಡೆ ತಿರುಗಿ, "ಮ್ಯಾಡಮ್, ಕಾನಡಿ ಯೇತೆ ಕಾ?" ಎಂದು ಕೇಳಿದ. ಕನ್ನಡ ಬರುತ್ತದೆ ಎಂದೆ. "ಓದಿ ಹೇಳ್ರಿ, ಸಾಹೇಬರಿಗೆ ಖುಷಿ ಆಗಲಿ" ಎಂದ.

ಇಪ್ಪತ್ತೆರಡು ವರ್ಷದಲ್ಲಿ ನಾನು ಶಾಲೆಯ ಯಾವ ಸಭೆಯಲ್ಲೂ ಎದ್ದು ಮಾತಾಡಿದವಳಲ್ಲ. ಅಂದು ಅಕ್ಕನ ಒಂದೊಂದು ವಾಕ್ಯವನ್ನೂ ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಮರಾಠಿಯಲ್ಲಿ ಹೇಳಿದೆ.

"ಒಂದು. ಹೆಣ್ಣುಮಕ್ಕಳ ಸಂಡಾಸಿಗೆ ಬೀಗ ಹಾಕೇದ. ಬೀಗದಕೈ ಕಾವಲುಗಾರನ ಕಿಸೆದಾಗ ಅದ. ಕಾವಲುಗಾರ ಸರದಾರರ ತೂಗುಮಂಚದ ಮ್ಯಾಲೆ ಮಲಗ್ಯಾನ. ಆ ಮಂಚಕ್ಕ ‘ಮುಟ್ಟಬಾರದು’ ಅಂತ ಬೋರ್ಡ್ ಅದ.

"ಎರಡು. ಗಾಜಿನ ಪೆಟಗ್ಯಾಗ ಸರದಾರರ ಕತ್ತಿ ಇಟ್ಟೀರಿ. ಅದರ ಹಿಡಿಕಿಮ್ಯಾಲೆ ‘ಸ್ಟೇನ್‌ಲೆಸ್ ಸ್ಟೀಲ್’ ಅಂತ ಒತ್ತಿದ್ದು ನನಗ ಚಷ್ಮಾ ಇಲ್ಲದನ ಕಾಣತದ.

"ಮೂರು. ಹೊಳಿ ಮೆಟ್ಟಲಿಗೆ ಕಂಬಿ ಇಲ್ಲ. ಹತ್ತು ವರ್ಷ ಆತು ಬರಾಕತ್ತಿ, ಒಂದು ಸಲ ನೀರಾಗ ಕಾಲಿಟ್ಟಿಲ್ಲ. ಕಂಬಿ ಹಾಕ್ರಿ. ಎಡಗಡೆ ಹಾಕ್ರಿ, ನನ್ನ ಎಡಗೈ ಗಟ್ಟಿ ಅದ."

ಅತಿಥಿಗಳಲ್ಲಿ ಒಬ್ಬರು ಕತ್ತಿಯ ಪೆಟ್ಟಿಗೆಯ ಕಡೆ ನಡೆದರು. ಉಳಿದ ಮೂವರೂ ಹಿಂದೆಯೇ ಹೋದರು. ಕಾವಲುಗಾರ ಕಿಸೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ.

"ಇನ್ನೂ ಅದ ಏನು?" ಎಂದರು ಸಾಹೇಬರು.

ಇನ್ನೊಂದಿತ್ತು.

"ನಾಕು. ನನ್ನ ತಂಗಿ ಸಂಗಾಟ ಬಂದಾಳ. ಎಲ್ಲಾ ನೋಡತಾಳ, ಎಲ್ಲಾ ಎಣಸತಾಳ, ಬಾಯಿ ಮಾತ್ರ ಬಿಡೂದಿಲ್ಲ. ಅದಕ್ಕ ನಾ ಬರೀಬೇಕಾಗೇದ."

ಮರಾಠಿಯಲ್ಲೂ ಹೇಳಿದೆ.

"ಯಾರೀ ತಂಗಿ?" ಎಂದು ಸಾಹೇಬರು ಕೇಳಿದರು.

"ನಾನೇ."

ಅವರು ನನ್ನನ್ನು ನೋಡಿದರು, ಚೌಕಟ್ಟನ್ನು ನೋಡಿದರು, ಹಾರವನ್ನು ನೋಡಿದರು. ಕತ್ತಿಯ ಕಡೆಯಿಂದ ಅತಿಥಿಗಳ ನಗು ಕೇಳಿಸಿತು. ಕಾವಲುಗಾರ ನನ್ನ ಕಿವಿಯ ಹತ್ತಿರ ಬಂದು, "ಮ್ಯಾಡಮ್, ತೂಗುಮಂಚದ್ದು ಒಂದು ಬಿಟ್ಟು ಓದಿದ್ದರ ಆಗತಿತ್ತಲ್ಲ" ಎಂದ. ಬರೆದದ್ದನ್ನು ಬಿಟ್ಟು ಓದಲು ನನಗೆ ಬರುವುದಿಲ್ಲ ಎಂದೆ.

ಆ ಪುಟವನ್ನು ನನಗೆ ಕೊಡಿ ಎಂದು ಕೇಳಿದೆ. ಬರೀ ಅಭಿಪ್ರಾಯವಾಗಿದ್ದರೆ ಕೊಡಬಹುದಿತ್ತಂತೆ. ಈಗ ಅದು ತಕರಾರು, ದಫ್ತರಕ್ಕೆ ಸೇರಬೇಕಂತೆ. ಸಾಹೇಬರ ಮುಂದೆಯೇ ಕಾವಲುಗಾರ ಗಾಜು ಬಿಚ್ಚಿ, ಅಕ್ಕನ ಹೆಸರಿನ ಮೇಲೆ ಸರಿಯಾಗಿ ಒಂದು ಠಸ್ಸೆ ಒತ್ತಿದ. ನನಗೆ ದಕ್ಕಿದ್ದು ಫೋನಿನಲ್ಲಿ ತೆಗೆದುಕೊಂಡ ಒಂದು ಫೋಟೊ. ಪ್ಲಾಸ್ಟಿಕ್ ಹಾರ ಬೇಕಾದರೆ ಒಯ್ಯಿರಿ ಎಂದ.

ದೀಪಾವಳಿ ರಜೆಯಲ್ಲಿ ಮತ್ತೆ ಹೋದೆ. ಶೌಚಾಲಯಕ್ಕೆ ಹೊಸ ಬೀಗ ಬಂದಿದೆ. ಕತ್ತಿಯ ಹಿಡಿಕೆಗೆ ಕೆಂಪು ಬಟ್ಟೆ ಸುತ್ತಿದ್ದಾರೆ. ತೂಗುಮಂಚದ ಮೇಲಿದ್ದ ‘ಮುಟ್ಟಬಾರದು’ ಬೋರ್ಡನ್ನು ತೆಗೆದಿದ್ದಾರೆ, ಕಾವಲುಗಾರ ಈಗ ನಿಯಮದ ಪ್ರಕಾರವೇ ಮಲಗಿದ್ದ. ಅವನನ್ನು ಎಬ್ಬಿಸದೆ ಹೊಳೆಯ ಕಡೆ ಹೋದೆ.

ಮೆಟ್ಟಿಲಿಗೆ ಕಂಬಿ ಹಾಕಿದ್ದಾರೆ, ಎಡಗಡೆ.