ತೂಕಕ್ಕೆ ಬಿದ್ದ ಬ್ರಾಡ್‌ಬ್ಯಾಂಡ್

ಆ ದಿನಗಳಲ್ಲಿ ಆ ಮನೆಯವರು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ ಚಿತ್ರ ಯಾವುದು ಅಂತ ಕೇಳಿದರೆ ಉತ್ತರ ಒಂದೇ: ಪರದೆಯ ನಟ್ಟನಡುವೆ ಗಿರಗಿರ ತಿರುಗುವ ಉಂಗುರ. ಪುಟ್ಟಿ ಊಟ ಕಲಿತದ್ದೇ ಅದನ್ನು ನೋಡಿಕೊಂಡು. (ಬೇರೆ ಮಕ್ಕಳು ಕಾರ್ಟೂನು ನೋಡುತ್ತಾ ತುತ್ತು ನುಂಗಿದರೆ ಇವಳು ಉಂಗುರ ನೋಡುತ್ತಾ ನುಂಗುತ್ತಿದ್ದಳು. ಅಪ್ಪಿತಪ್ಪಿ ಕಾರ್ಟೂನು ಶುರುವಾದರೆ ಬಾಯಿ ಮುಚ್ಚಿಬಿಡುತ್ತಿದ್ದಳು.)

ಪುಟ್ಟಿಯ ಅಮ್ಮ ಔಷಧಿ ಅಂಗಡಿಯ ಕೆಲಸಕ್ಕೆ ದೀರ್ಘ ರಜೆ ಹಾಕಿ ಮಗುವಿನ ಹಿಂದೆ ಓಡುತ್ತಿದ್ದ ಕಾಲ ಅದು. ಬ್ರಾಡ್‌ಬ್ಯಾಂಡ್ ಆಮೆಯಾದರೂ ಅವಳಿಗೆ ದೊಡ್ಡ ದೂರೇನೂ ಇರಲಿಲ್ಲ. ಉಂಗುರ ತಿರುಗುವಷ್ಟರಲ್ಲಿ ಒಂದು ರಾಶಿ ಬಟ್ಟೆ ಮಡಿಸಬಹುದಿತ್ತು. ಹೀಗಿದ್ದವಳನ್ನು ರಣರಂಗಕ್ಕೆ ಇಳಿಸಿದ್ದು ಚಿಕ್ಕಮ್ಮನ ಫೋನು.

"ಕೇಳಿಲ್ಲಿ, ನಾನು ನಾಟಕದಲ್ಲಿ ಪಾರ್ಟು ಮಾಡ್ತಿದೀನಿ ಕಣೇ."

"ಏನು ಚಿಕ್ಕಮ್ಮಾ! ಯಾವ ಪಾರ್ಟು?"

"ಈಗ್ಲೇ ಹೇಳಿದ್ರೆ ಸ್ವಾರಸ್ಯ ಎಲ್ಲಿ ಉಳಿಯುತ್ತೆ? ಭಾನುವಾರ ಸಾಯಂಕಾಲ. ಮಗು ಎತ್ಕೊಂಡು ಅಷ್ಟು ದೂರ ಬರೋಕೆ ಹೋಗ್ಬೇಡ. ಇಂಟರ್‌ನೆಟ್ಟಲ್ಲಿ ನೇರವಾಗಿ ತೋರಿಸ್ತಾರಂತೆ." ಆಮೇಲೆ ದನಿ ಸ್ವಲ್ಪ ಇಳಿಯಿತು. "ನೋಡ್ತೀಯಾ?"

ಚಿಕ್ಕಮ್ಮ ಅಂದರೆ ಪುಟ್ಟಿಯ ಅಮ್ಮನಿಗೆ ಚಿಕ್ಕಮ್ಮ, ಅವಳ ತಾಯಿಯ ತಂಗಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ಆಗಷ್ಟೇ ನಿವೃತ್ತಿಯಾಗಿದ್ದವಳು. ಆ ತಾಯಿಗೆ ಬೆಳಗಿನ ಪಾಳಿ ಇದ್ದ ವರ್ಷಗಳಲ್ಲಿ, ಆಗಿನ್ನೂ ಹುಡುಗಿಯಾಗಿದ್ದ ಇವಳಿಗೆ ಸ್ನಾನ ಮಾಡಿಸಿ, ಆಸ್ಪತ್ರೆಯ ಚಾದರ ಮಡಿಸಿದಷ್ಟೇ ಬಿಗಿಯಾಗಿ ಎರಡು ಜಡೆ ಹೆಣೆದು ಶಾಲೆಗೆ ಕಳಿಸಿದವಳು ಅವಳೇ. ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗಿ ಮರವಾಗಲಿ, ಮೋಡವಾಗಲಿ, ಮೋಡದ ಹಿಂದಿನ ಮೋಡವಾಗಲಿ, ಸೋಪಿನ ವಾಸನೆಯ ಸೀರೆಯಲ್ಲಿ ಕೆಲಸದಿಂದ ನೇರ ಬಂದು ಹಿಂದೆ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದಳು. ಅಂಥವಳು ಜೀವಮಾನದಲ್ಲಿ ಮೊದಲ ಸಲ "ನೋಡ್ತೀಯಾ" ಅಂತ ಕೇಳಿದ್ದಳು.

"ಕಣ್ಣು ಮಿಟುಕಿಸದೆ ನೋಡ್ತೀನಿ ಚಿಕ್ಕಮ್ಮ" ಅಂದುಬಿಟ್ಟಳು. ಫೋನಿಟ್ಟು ತಿರುಗಿದರೆ ಪುಟ್ಟಿಯ ಎದುರು ಉಂಗುರ ತನ್ನ ಪಾಡಿಗೆ ತಿರುಗುತ್ತಿತ್ತು.

ಅಂದೇ ಮಹಾಸಭೆ ಸೇರಿತು.

"ನಮ್ಮ ಲೈನು ಬಹಳ ನಿಧಾನ ರೀ. ಏನಾದ್ರೂ ಮಾಡಿ."

ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಮನೆಗೆ ಬಂದ ಮೇಲೆ ಯಾವುದನ್ನೂ ದಿಟ್ಟಿಸಿ ನೋಡಲು ಇಷ್ಟಪಡುತ್ತಿರಲಿಲ್ಲ. "ಎಲ್ಲರ ಮನೇಲೂ ಹಾಗೇನೇ ಕಣೇ" ಅಂತ ದಿಂಬಿಗೆ ಒರಗಿದ.

"ನಿಧಾನ ಅಂದ್ರೆ ಎಷ್ಟು ನಿಧಾನ?" ಎಂದು ಮೂಲೆಯಿಂದ ದನಿ ಬಂತು. ಮಾವನದು. "ಅಳತೆ ಇಲ್ಲದ ಮಾತು ಆಡಬಾರದು."

ಮಾವ ಆಯುಷ್ಯವೆಲ್ಲ ಲಾರಿ ತೂಗುವ ಕಟ್ಟೆಯಲ್ಲಿ ಕೂತು ಸವೆಸಿದವರು. ಲಾರಿ ಬರಬೇಕು, ಡ್ರೈವರೂ ಕ್ಲೀನರೂ ಇಳಿಯಬೇಕು, ಮೊದಲು ಖಾಲಿ ತೂಕ, ಆಮೇಲೆ ಭರ್ತಿ ತೂಕ. ನಿವೃತ್ತಿಯಾದ ಮೇಲೂ ತೂಗದ್ದನ್ನು ನಂಬುವ ಅಭ್ಯಾಸ ಅವರಿಗಿರಲಿಲ್ಲ. ಮಗ ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಎಂಬುದನ್ನು ತೆರೆದು ತೋರಿಸಿದಾಗ ಅರ್ಧಚಂದ್ರಾಕಾರದ ಅಳತೆಪಟ್ಟಿ, ಅದರೊಳಗೊಂದು ನಡುಗುವ ಮುಳ್ಳು!

"ಮುಳ್ಳು!" ಅಂದರು ಮಾವ. ಬಾಲ್ಯದ ಗೆಳೆಯ ದಾರಿಯಲ್ಲಿ ಸಿಕ್ಕವರಂತೆ ಮುಖ ಅರಳಿತು. ಅಲ್ಲಿಂದ ಆ ಮನೆಯ ಬ್ರಾಡ್‌ಬ್ಯಾಂಡ್ ಅವರ ಕಟ್ಟೆಗೆ ಹತ್ತಿತು.

"ಎಲ್ಲರೂ ಇಳೀರಿ!" ಎಂದು ಕೂಗಿದರೆ ಮನೆಯಲ್ಲಿ ಎಲ್ಲರೂ ಮೊಬೈಲು ಕೆಳಗಿಡಬೇಕು. ಕಂಪ್ಯೂಟರು ಮುಚ್ಚಬೇಕು. ಅಡುಗೆಮನೆಯ ಮಿಕ್ಸಿಯೂ ಬಾಯಿ ಮುಚ್ಚಬೇಕು.

"ಅಪ್ಪಾ, ಮಿಕ್ಸಿಗೂ ಇಂಟರ್‌ನೆಟ್ಟಿಗೂ ಏನಪ್ಪಾ ಸಂಬಂಧ?"

"ಕ್ಲೀನರ್ ಲಾರಿ ಮೇಲೆ ಸುಮ್ಮನೆ ನಿದ್ದೆ ಹೊಡೀತಿದ್ರೂ ತೂಕ ತೂಕಾನೇ. ಇಳೀಬೇಕು ಅಂದ್ರೆ ಇಳೀಬೇಕು."

ಖಾಲಿ ತೂಕದಲ್ಲಿ ಮುಳ್ಳು ತಕ್ಕಮಟ್ಟಿಗೆ ಏರಿತು. ಎಲ್ಲರೂ 'ಹತ್ತಿದ' ಮೇಲೆ ಮಕಾಡೆ ಮಲಗಿತು. ಕಂಪನಿಗೆ ಫೋನು ಮಾಡಿದರೆ ಮಧುರ ಕಂಠವೊಂದು "ನಿಮ್ಮ ಕರೆ ನಮಗೆ ಅಮೂಲ್ಯ" ಅಂತ ಹೇಳಿ, ಆ ಅಮೂಲ್ಯ ವಸ್ತುವನ್ನು ಸಂಗೀತದ ಕೈಗೊಪ್ಪಿಸಿ ಹೋಗಿಬಿಟ್ಟಿತು. ಕೊನೆಗೆ ವೈಫೈ ಡಬ್ಬಿಯ ಜಾಗವೇ ಸರಿಯಿಲ್ಲ ಎಂದು ಸಭೆ ತೀರ್ಮಾನಿಸಿತು. ಗಂಡನನ್ನು ಸ್ಟೂಲು ಹತ್ತಿಸಿ ಕೈಗೆ ಡಬ್ಬಿ ಕೊಟ್ಟರು. ಮಾವ ಒಳಕೋಣೆಯಲ್ಲಿ ಮುಳ್ಳಿನ ಮುಂದೆ. ಪುಟ್ಟಿಯ ಅಮ್ಮ ನಡುವಿನ ಬಾಗಿಲಲ್ಲಿ.

"ಬಂತಾ?"

"ಬಂತಾ ಮಾವ?"

"ಇಲ್ಲ!"

"ಇಲ್ವಂತೆ ರೀ!"

"ಈಗ?"

"ಈಗ ಮಾವ?"

"ಬಂತು ಬಂತು... ಹೋಯ್ತು!"

"ಬಂದು ಹೋಯ್ತಂತೆ!"

ಹಾಗೆ ಕೂಗುತ್ತಾ ಕೂಗುತ್ತಾ ಅವಳಿಗೆ ನಗು ಉಕ್ಕಿತು. ಅಪ್ಪ ತಾರಸಿಯ ಮೇಲೆ ಆಂಟೆನಾ ತಿರುಗಿಸುತ್ತಿದ್ದ ಸಂಜೆಗಳು ಕಣ್ಣ ಮುಂದೆ ಬಂದವು. ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಸುದ್ದಿ ಮುಟ್ಟಿಸುತ್ತಿದ್ದವಳು ಚಿಕ್ಕಮ್ಮ. ಟೀವಿಯ ಮುಂದೆ ಕೂತು "ಮುಖ ಬಂತು, ಕಾಲು ಬಂದಿಲ್ಲ" ಎಂದು ವರದಿ ಕೊಡುತ್ತಿದ್ದವಳು ತಾನು. ಇಡೀ ಬೀದಿಯ ತಾರಸಿಗಳ ಮೇಲೆ ಆ ಹೊತ್ತಿಗೆ ಒಬ್ಬೊಬ್ಬ ಅಪ್ಪ ನಿಂತಿರುತ್ತಿದ್ದ. ಎಲ್ಲ ಕಿಟಕಿಗಳಿಂದಲೂ "ಬಂತಾ, ಬಂತಾ". ಒಂದು ಮನೆಯಲ್ಲಿ ಬಂದರೆ ಸಾಕು, ಉಳಿದ ಅಪ್ಪಂದಿರೂ ತಮ್ಮದನ್ನು ಅದೇ ದಿಕ್ಕಿಗೆ ತಿರುಗಿಸುತ್ತಿದ್ದರು.

"ನಗ್ಬೇಡ ಮಾರಾಯ್ತಿ, ಕೈ ಬಿದ್ದು ಹೋಗ್ತಿದೆ ನಂದು" ಅಂತ ಸ್ಟೂಲಿನ ಮೇಲಿಂದ ಗೋಳಾಟ ಕೇಳಿಸಿತು.

ನಡುಮನೆಯ ಬಾಗಿಲ ನೆತ್ತಿಗೆ ಡಬ್ಬಿ ಹಿಡಿದಾಗ ಮುಳ್ಳು ಎಲ್ಲಕ್ಕಿಂತ ಮೇಲೇರಿತು. ಗಂಡ ಅಲ್ಲೊಂದು ಹಲಗೆ ಹೊಡೆದು ಡಬ್ಬಿಯನ್ನು ಸಿಂಹಾಸನಾರೂಢ ಮಾಡಿದ. ಪುಟ್ಟಿಯ ಉಂಗುರ ಮಾಯವಾಯಿತು. (ಊಟವೂ ಕಡಿಮೆಯಾಯಿತು.)

ಭಾನುವಾರ ಸಾಯಂಕಾಲ ಎಲ್ಲರೂ ತಲೆ ಬಾಚಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ಪರದೆ ಸರಿಯಿತು. ನಿದ್ದೆಗೆಟ್ಟ ರಾಜನೊಬ್ಬ ಅರಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ. ಏನೋ ಹೇಳಲು ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಉಳಿಯಿತು. ಹಲ್ಲುಗಳ ನಡುವೆ ಉಂಗುರ ತಿರುಗತೊಡಗಿತು.

"ಅಯ್ಯೋ, ಚಿಕ್ಕಮ್ಮ ಬಂದ್ಬಿಡ್ತಾಳೆ!"

"ಗಾಬರಿಯಾಗ್ಬೇಡಮ್ಮ, ಎಷ್ಟಿದೆ ನೋಡ್ತೀನಿ" ಎಂದು ಮಾವ ತಮ್ಮ ಮೊಬೈಲಿನಲ್ಲಿ ತೂಕ ಹಾಕಿದರು.

"ತಡಿ, ನಾನೂ ನೋಡ್ತೀನಿ" ಎಂದು ಗಂಡ ತನ್ನದರಲ್ಲಿ ಹಾಕಿದ.

"ಇಳೀತಿದೆಯಲ್ಲೋ!"

"ನಂದ್ರಲ್ಲಿ ಇನ್ನೂ ಕಡಿಮೆ ಅಪ್ಪಾ!"

"ಮತ್ತೆ ಹಾಕು!"

ಸೊಸೆಯ ಸಂಕಟ ನೋಡಲಾರದೆ ಇಬ್ಬರೂ ಒಂದಾದ ಮೇಲೊಂದು ತೂಗಿದ್ದೇ ತೂಗಿದ್ದು. ಒಂದು ಸುತ್ತು ಇಬ್ಬರದೂ ಮುಗಿದಾಗ ಮಾವ ಬೆವರಿದ ಕನ್ನಡಕ ತೆಗೆದು ಒರೆಸಿಕೊಂಡರು. ರಾಜ ಬಾಯಿ ಮುಚ್ಚಿ ನಾಲ್ಕು ಹೆಜ್ಜೆ ನಡೆದ. ಮಾವ ಕನ್ನಡಕ ಏರಿಸಿ ಬೆರಳು ಒತ್ತಿದರು. ರಾಜ ಒಂದು ಕಾಲೆತ್ತಿಕೊಂಡು ನಿಂತ. ಪುಟ್ಟಿಯ ಅಮ್ಮನಿಗೆ ಥಟ್ಟನೆ ಹೊಳೆಯಿತು.

"ಮಾವ, ನೀವು ತೂಗ್ತಿರೋದಕ್ಕೇ ನಿಲ್ತಿದೆ ಇದು!"

"ತೂಕ ಹಾಕಿದ್ರೆ ಲಾರಿಯಲ್ಲಿರೋ ಮರಳು ಕಡಿಮೆ ಆಗುತ್ತೇನಮ್ಮಾ?" ಎಂದು ಮಾವ ಕೇಳಿದರು. ವೃತ್ತಿಯ ಗೌರವಕ್ಕೇ ಪೆಟ್ಟು ಬಿದ್ದಿತ್ತು.

ಗಂಡ ತಲೆ ಕೆರೆದುಕೊಂಡ. "ಅಪ್ಪಾ... ಅವಳು ಹೇಳೋದು ನಿಜ ಅನ್ಸುತ್ತೆ. ಇಲ್ಲಿ ತೂಕ ಹಾಕೋದು ಅಂದ್ರೆ ಅಷ್ಟೂ ಮರಳನ್ನ ನಮ್ಮ ಕಡೆ ಸುರಿಸ್ಕೊಂಡು ನೋಡೋದು. ನಾಟಕಕ್ಕೆ ಏನು ಉಳಿಯುತ್ತೆ?"

"ಹೇಳ್ಬಾರದಿತ್ತಾ ಮೊದ್ಲೇ!" ಮಾವ ಮೊಬೈಲನ್ನು ಬಿಸಿ ಪಾತ್ರೆಯಂತೆ ಕೆಳಗಿಟ್ಟರು.

ಪುಟ್ಟಿಯ ಅಮ್ಮನಿಗೆ ಆವೇಶ ಬಂದಿತ್ತು. ಅಪ್ಪ ಮಗ ಇಬ್ಬರಿಗೂ ಸೇರಿಸಿ ಬಿಡಿಸಿ ಹೇಳಿದಳು. ಹೆತ್ತವಳಂಥ ಚಿಕ್ಕಮ್ಮನ ನಾಟಕ ನೋಡೋಣ ಅಂದರೆ ಈ ಮನೆಯಲ್ಲಿ ತೂಕದ್ದೇ ಆಯಿತು, ಒಬ್ಬರಿಗೂ ಬುದ್ಧಿ ಬೇಡವೇ, ಇನ್ನು ಯಾರಾದರೂ ಮೊಬೈಲು ಮುಟ್ಟಿದರೆ ನೋಡಿ. ಭಾಷಣ ಮುಗಿಯಿತು. ರಾಜನ ಕಾಲು ಮಾತ್ರ ಇನ್ನೂ ಗಾಳಿಯಲ್ಲೇ ಇತ್ತು.

"ಇನ್ಯಾರು?" ಅಂತ ಗುಡುಗಿದಳು.

"ಬೈಕೋಬೇಡ" ಎಂದ ಗಂಡ ಮೆಲ್ಲಗೆ. "ನಿನ್ನ ಕೈಯಲ್ಲಿ ಏನೋ ಮುಳ್ಳು ತಿರುಗ್ತಿರೋ ಹಾಗಿದೆ."

ನೋಡಿಕೊಂಡರೆ ನಿಜ. ಬೈಯುತ್ತಾ ಬೈಯುತ್ತಾ ಅವಳ ಹೆಬ್ಬೆರಳು ತನ್ನ ಮೊಬೈಲಿನಲ್ಲಿ ತಾನೇ ಟೆಸ್ಟ್ ಒತ್ತುತ್ತಾ ಇತ್ತು. ಕೆಳಗಿಟ್ಟಳು. ಚಿತ್ರ ಒಮ್ಮೆ ನಡುಗಿ, ಮಧ್ಯದ್ದೆಲ್ಲವನ್ನೂ ಹಾರಿಸಿಕೊಂಡು, ಕನ್ನಡಿಯಂತೆ ಸ್ವಚ್ಛವಾಗಿ ಬಂತು. ಬಣ್ಣ ಹಚ್ಚಿದ ಹತ್ತಾರು ಜನ ಕೈ ಕೈ ಹಿಡಿದು ಬಾಗಿ ನಮಸ್ಕಾರ ಮಾಡುತ್ತಿದ್ದರು. ಪರದೆ ಬಿತ್ತು.

ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು. "ಚೆನ್ನಾಗಿತ್ತು ಅಂದ್ಬಿಡು" ಎಂದು ಗಂಡ ಸನ್ನೆ ಮಾಡಿದ. ಅವಳು ಬಾಯಿ ತೆರೆದಳು. ಬಂದದ್ದು ಅಳು.

"ಚಿಕ್ಕಮ್ಮಾ, ಲೈನು ಕೈಕೊಡ್ತು. ನಾನು ನಿನ್ನ ನೋಡ್ಲೇ ಇಲ್ಲ."

ಆ ಕಡೆಯಿಂದ, "ಅಷ್ಟೇ ತಾನೆ? ಅದಕ್ಯಾಕೆ ಅಳ್ತೀ? ಎಲ್ಲರನ್ನೂ ಕೂರಿಸು. ನಾನೇ ಹೇಳ್ತೀನಿ."

ಹೇಳಿದಳು. ಹಿಂದೆ ಎಂದಾದರೊಮ್ಮೆ ಸಿನಿಮಾಕ್ಕೆ ಹೋಗಿ ಬಂದರೆ ಹೀಗೆಯೇ, ಹೋಗಲಾರದವರನ್ನೆಲ್ಲ ಅಡುಗೆಮನೆಯಲ್ಲಿ ಕೂರಿಸಿಕೊಂಡು, ಹೊಡೆದಾಟಕ್ಕೆ ಲಟ್ಟಣಿಗೆ ಬೀಸಿ, ಮಳೆಗೆ ಮೊರದಲ್ಲಿ ಕಾಳು ಆಡಿಸಿ, ಸಿನಿಮಾಕ್ಕಿಂತ ಉದ್ದವಾಗಿ ಹೇಳುತ್ತಿದ್ದಳು. ಈಗ ಫೋನಿನ ಆ ತುದಿಯಿಂದ ರಾಜ ನಿಟ್ಟುಸಿರು ಬಿಟ್ಟ, ರಾಣಿ ಕಾಲು ಹಿಡಿದಳು, ರಾಜ್ಯ ಬಿಟ್ಟು ಓಡಿಹೋಗುವ ಹೊತ್ತು ಬಂದು ಬಾಗಿಲು ತೆರೆಯಿತು. ಮಾವ ಕಣ್ಣೊರೆಸಿಕೊಂಡರು. ಪುಟ್ಟಿ ತೊಡೆಯ ಮೇಲೆ ಬಾಯಿ ಬಿಟ್ಟು ಕೇಳಿದಳು. ಎಲ್ಲೂ ಉಂಗುರ ತಿರುಗಲಿಲ್ಲ. "ಚಿಕ್ಕಮ್ಮ ರಾಣಿ ಪಾರ್ಟೇ ಮಾಡಿರಬೇಕು, ಆ ಗತ್ತು ನೋಡು" ಎಂದು ಎಲ್ಲರೂ ಒಪ್ಪಿದರು.

ವಾರ ಕಳೆಯುವುದರೊಳಗೆ ನಾಟಕದವರು ಚಿತ್ರೀಕರಿಸಿದ್ದನ್ನು ಕಳಿಸಿದರು. ಯಾರೂ ತೂಗಲಿಲ್ಲವಾಗಿ ಅದು ಹೊಳೆಯಂತೆ ಹರಿಯಿತು. ರಾಣಿ ಬಂದಳು. ಚಿಕ್ಕಮ್ಮನಲ್ಲ. ರಾಜಮಾತೆ ಬಂದಳು, ಅವಳೂ ಅಲ್ಲ. ನಾಟಕ ಮುಗಿಯುತ್ತಾ ಬಂದಾಗ ದೊಡ್ಡ ಪೇಟದ ಕೆಳಗೆ ಚಿಕ್ಕ ಮುಖವೊಂದು ಬಾಗಿಲಲ್ಲಿ ಕಾಣಿಸಿಕೊಂಡು, "ದೊರೆಗಳೇ, ಕುದುರೆ ಸಿದ್ಧವಾಗಿದೆ" ಅಂದು ಒಳಗೆ ಹೋಯಿತು. ಅಷ್ಟೇ.

"ಇನ್ನೊಂದ್ಸಲ ಹಾಕು" ಎಂದರು ಮಾವ. ಹಾಕಿದರು. ಅಷ್ಟೇ ಇತ್ತು. ಪುಟ್ಟಿ ಮಾತ್ರ ಚಪ್ಪಾಳೆ ತಟ್ಟಿ ಮತ್ತೆ ಮತ್ತೆ ಹಾಕಿಸಿದಳು.

"ನಾವು ಇದನ್ನ ನೋಡೇ ಇಲ್ಲ. ತಿಳೀತಾ?" ಎಂದು ಪುಟ್ಟಿಯ ಅಮ್ಮ ಅಪ್ಪಣೆ ಹೊರಡಿಸಿದಳು. "ಅಷ್ಟು ಚೆಂದ ಹೇಳಿದಾಳೆ. ಅವಳು ಮುಜುಗರ ಪಡೋದು ಬೇಡ."

ಮರುದಿನವೇ ಚಿಕ್ಕಮ್ಮನ ಫೋನು. "ಬಂತೇನೇ? ನೋಡಿದ್ರಾ?"

"ಎಲ್ಲಿ ಚಿಕ್ಕಮ್ಮ!" ದನಿಯಲ್ಲಿ ಇದ್ದಬದ್ದ ದುಃಖವನ್ನೆಲ್ಲ ತುಂಬಿದಳು. "ನಮ್ಮ ಬ್ರಾಡ್‌ಬ್ಯಾಂಡ್ ಕಥೆ ಕೇಳ್ಬೇಡ. ಬೆಳಗಿಂದ ತಿರುಗ್ತಾನೇ ಇದೆ. ಒಂದು ಅಕ್ಷರ ಬಂದಿಲ್ಲ. ಈ ಜನ್ಮದಲ್ಲಿ ಬರೋ ಹಾಗೂ ಕಾಣ್ಸೋದಿಲ್ಲ."

ಆಗ ತಲೆಗೆ ಟವೆಲಿನ ಪೇಟ ಸುತ್ತಿಕೊಂಡ ಪುಟ್ಟಿ ಅಡುಗೆಮನೆ ಬಾಗಿಲಲ್ಲಿ ಪ್ರತ್ಯಕ್ಷಳಾಗಿ, ಬೀದಿಗೆ ಕೇಳುವ ಹಾಗೆ ಘೋಷಿಸಿದಳು:

"ದೊಲೆಗಳೇ, ಕುದುಲೆ ಸಿದ್ಧವಾಗಿದೆ!"

ಪುಟ್ಟಿಯ ಅಮ್ಮ ಫೋನನ್ನು ಕೈಯಿಂದ ಮುಚ್ಚಿದಳು. ಮುಚ್ಚಿ ಏನು ಪ್ರಯೋಜನ? ಗಂಡ ಕಿಟಕಿಯಾಚೆ ತುರ್ತಾಗಿ ಏನನ್ನೋ ನೋಡತೊಡಗಿದ.

"ಚಿಕ್ಕಮ್ಮಾ... ಅದು ಏನಂದ್ರೆ..."

"ತಪ್ಪು" ಎಂದಳು ಚಿಕ್ಕಮ್ಮ.

"ತಪ್ಪಾಯ್ತು ಚಿಕ್ಕಮ್ಮ, ನಿನಗೆ ಬೇಜಾರಾಗುತ್ತೆ ಅಂತ..."

"ನಿಂದಲ್ವೇ, ಮಗೂದು. ಹಾಗೆ ಒಂದೇ ಉಸಿರಿಗೆ ಹೇಳ್ಬಾರದು. 'ದೊರೆಗಳೇ' ಅಂದು ಒಂದು ಗಳಿಗೆ ತಡೀಬೇಕು. ರಾಜನ ಮುಖ ನೋಡ್ಬೇಕು. ಅಲ್ಲೀತನಕ ಹೋಗ್ತೀನಿ ಹೋಗ್ತೀನಿ ಅಂತ ಬರೀ ಮಾತು. ಕುದುರೆ ಬಂತು ಅಂದ ಮೇಲೆ ತಾನೇ ನಿಜವಾಗ್ಲೂ ಹೊರಡ್ಬೇಕಾಗೋದು? ಇಡೀ ನಾಟಕ ನಿಂತಿರೋದು ಆ ಒಂದು ಮಾತಿನ ಮೇಲೆ. ಎಷ್ಟು ದಿನ ಕಲಿತಿದೀನಿ ಗೊತ್ತಾ ಆ ತಡೆಯೋದನ್ನ!" ಆಮೇಲೆ, "ನಿನ್ನ ಬ್ರಾಡ್‌ಬ್ಯಾಂಡ್ ರಿಪೇರಿ ಆಮೇಲೆ ಮಾಡ್ಕೋ. ಫೋನು ಮಗೂಗೆ ಕೊಡು."

ಸ್ವಂತ ಮನೆಯಲ್ಲಿ, ಸ್ವಂತ ಫೋನಿನಿಂದ ಹೊರದೂಡಿಸಿಕೊಂಡು ಅವಳು ಗೋಡೆಗೊರಗಿ ನಿಂತಳು. ಪುಟ್ಟಿ ಪೇಟ ಸರಿಮಾಡಿಕೊಂಡು ಫೋನಿಗೆ ಹೇಳಿದಳು:

"ದೊಲೆಗಳೇ..."

ಹೇಳಿ, ಎದುರಿಲ್ಲದ ರಾಜನ ಮುಖವನ್ನೇ ನೋಡುತ್ತಾ ನಿಂತುಬಿಟ್ಟಳು. ಉಸಿರು ಬಿಗಿಹಿಡಿದಿದ್ದಳು. ನೋಡುತ್ತಿದ್ದವರೂ ಹಿಡಿದರು.

"ಏನಮ್ಮಾ, ಲೈನು ಮತ್ತೆ ನಿಂತೋಯ್ತಾ?" ಎಂದು ಒಳಕೋಣೆಯಿಂದ ಬಂದ ಮಾವ ಮೊಬೈಲಿಗೆ ಕೈ ಹಾಕಿದರು.

"ಶ್, ಸುಮ್ಮನಿರಿ ಮಾವ" ಎಂದಳು ಪುಟ್ಟಿಯ ಅಮ್ಮ ಪಿಸುದನಿಯಲ್ಲಿ. "ಲೈನು ಸರಿಯಾಗಿದೆ. ಅವಳು ತಡೀತಿದಾಳೆ."